ಎದ್ದರೆ ಕಣ್ಣು ಕತ್ತಲೆ: ಮೈ ತನ್ನ ನರಗಳಿಗೇ ಮುನಿದ ಕಥೆ

ಇಲ್ಲಿ ಏನಾದರೂ ಬರೆದು ತಿಂಗಳುಗಳೇ ಆದವು. ಸೋಮಾರಿ ಅಂತ ಬೈಯಬೇಡಿ, ಓದುತ್ತಾ ಕೂತಿದ್ದೆ. ಓದಿದ್ದು ಒಂದು ವಿಚಿತ್ರ ಚರಿತ್ರೆ. ರಾಜರದ್ದಲ್ಲ, ಶಾಸನಗಳದ್ದಲ್ಲ. ನಮ್ಮನ್ನು ಒಂದು ಮಾತೂ ಕೇಳದೆ ಮೈಯೊಳಗೆ ದುಡಿಯುವ ನರಗಳದ್ದು, ಆ ನರಗಳ ಮೇಲೆ ನಮ್ಮದೇ ಮೈ ಹಗೆ ಸಾಧಿಸುವ ಕಾಯಿಲೆಗಳದ್ದು. ಬರಹ ಉದ್ದವಿದೆ, ಕಾಫಿ ಪಕ್ಕದಲ್ಲಿಟ್ಟುಕೊಂಡು ಕೂತರೆ ಒಳ್ಳೆಯದು. ನಾನು ಡಾಕ್ಟರಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಕಾಯಿಲೆಯವರ ಜೊತೆ ಆಸ್ಪತ್ರೆ ಬೆಂಚಿನ ಮೇಲೆ ಕೂತು ಕೂತು ಕುತೂಹಲ ಹತ್ತಿಸಿಕೊಂಡವನು, ಅಷ್ಟೆ.

ಈಗ ನೀವು ಕುರ್ಚಿಯಿಂದ ಎದ್ದು ನಿಲ್ಲಿ ಅಂತಿಟ್ಟುಕೊಳ್ಳಿ. ಎದ್ದ ಕೂಡಲೇ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೊಟ್ಟೆಗೂ ಕಾಲಿಗೂ ಇಳಿದುಬಿಡುತ್ತದೆ. ಭೂಮಿ ಎಳೆಯುತ್ತದಲ್ಲ, ರಕ್ತವೇನು ಬೇರೆಯೇ? ಹಾಗೇ ಬಿಟ್ಟರೆ ಮೆದುಳಿಗೆ ರಕ್ತ ಸಾಲದೆ ದೊಪ್ಪನೆ ಬೀಳಬೇಕು. ಬೀಳುವುದಿಲ್ಲ. ಯಾಕೆಂದರೆ ಕುತ್ತಿಗೆಯ ದೊಡ್ಡ ರಕ್ತನಾಳದಲ್ಲಿ ಕೂತ ಕಾವಲುಗಾರರು ಒತ್ತಡ ಇಳಿದದ್ದನ್ನು ಕಂಡು ಸುದ್ದಿ ಕಳಿಸುತ್ತಾರೆ, ನರಗಳು ಕಾಲಿನ ರಕ್ತನಾಳಗಳನ್ನು ಬಿಗಿ ಮಾಡುತ್ತವೆ, ಎದೆ ಸ್ವಲ್ಪ ಜೋರಾಗಿ ಬಡಿಯುತ್ತದೆ. ಇಷ್ಟೂ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಬೆವರು, ಜೊಲ್ಲು, ಕಣ್ಣೀರು, ಕಣ್ಣಿನ ಪಾಪೆ ಹಿಗ್ಗುವುದು ಕುಗ್ಗುವುದು, ಕರುಳಿನ ಚಲನೆ, ಮೂತ್ರಕೋಶ ಎಲ್ಲವೂ ಇದೇ ನರಗಳ ಸುಪರ್ದಿನಲ್ಲಿವೆ. ನಮ್ಮ ಶಾಲಾ ಪುಸ್ತಕದಲ್ಲಿ ಇದಕ್ಕೆ ಸ್ವಾಯತ್ತ ನರವ್ಯೂಹ ಅಂತ ಹೆಸರಿತ್ತು. ಎರಡು ಅಂಕದ ಪ್ರಶ್ನೆ. ಉರು ಹೊಡೆದು ಮರೆತದ್ದು.

ಇನ್ನೊಂದು ಕಡೆ ಆಟೋಇಮ್ಯೂನ್ ಕಾಯಿಲೆಗಳು. ರೋಗಾಣುಗಳ ಮೇಲೆ ಯುದ್ಧ ಮಾಡಬೇಕಾದ ರೋಗನಿರೋಧಕ ಸೈನ್ಯ ತನ್ನ ಮನೆಯ ಮೇಲೆಯೇ ಬೀಳುವುದು. ಕೀಲುಗಳ ಮೇಲೆ ಬಿದ್ದರೆ ರುಮಟಾಯ್ಡ್ ಆರ್ಥರೈಟಿಸ್, ಚರ್ಮ ಮೂತ್ರಪಿಂಡ ಅಂತ ಸಿಕ್ಕಿದ್ದರ ಮೇಲೆಲ್ಲ ಬಿದ್ದರೆ ಲೂಪಸ್, ಕಣ್ಣೀರು ಜೊಲ್ಲಿನ ಗ್ರಂಥಿಗಳ ಮೇಲೆ ಬಿದ್ದರೆ ಷೋಗ್ರೆನ್. ಈ ಕಾಯಿಲೆಗಳಿರುವವರಲ್ಲಿ ಎಷ್ಟೋ ಜನರಿಗೆ ಸ್ವಾಯತ್ತ ನರಗಳೂ ಕೆಡುತ್ತವೆ. ಎದ್ದರೆ ಕಣ್ಣು ಕತ್ತಲೆ, ಸುಮ್ಮನೆ ನಿಂತರೂ ಎದೆ ಡವಡವ, ಬೆವರೇ ಬರದೆ ಬೇಸಿಗೆಯಲ್ಲಿ ಮೈ ಬೇಯುವುದು, ನಾಲ್ಕು ತುತ್ತಿಗೆ ಹೊಟ್ಟೆ ಉಬ್ಬಿ ನಿಲ್ಲುವುದು. ಕೀಲುನೋವಿಗೆ ಹೆಸರು ಸಿಗುತ್ತದೆ, ಮಾತ್ರೆ ಸಿಗುತ್ತದೆ. ಇದಕ್ಕೆ ಮಾತ್ರ ಸಿಗುವುದು “ವೀಕ್‌ನೆಸ್”.

ಯಾಕೆ ಹೀಗೆ ಅಂತ ಹುಡುಕುತ್ತಾ ಹೋದಾಗ ನನಗೆ ಕಂಡದ್ದು ಇಷ್ಟು. ಈ ನರಗಳ ಶಾಸ್ತ್ರ ಮತ್ತು ರೋಗನಿರೋಧಕತೆಯ ಶಾಸ್ತ್ರ ಎರಡೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಹುಟ್ಟಿದವು, ಆದರೆ ಮುಕ್ಕಾಲು ಶತಮಾನ ಒಂದರ ಮುಖ ಒಂದು ನೋಡಲಿಲ್ಲ.

ಮೊದಲು ನರದ ಕಡೆಯಿಂದ ಬರೋಣ. ನಮ್ಮ ಮುಡುಕುತೊರೆ ಗೊತ್ತಲ್ಲ, ತಲಕಾಡಿನ ಪಕ್ಕ, ಟಿ. ನರಸೀಪುರ ತಾಲ್ಲೂಕು. ಕಾವೇರಿ ಇಲ್ಲಿ ಮುಡುಕಿಕೊಂಡು, ಅಂದರೆ ಬಾಗಿ ತಿರುಗುವುದರಿಂದ ಆ ಹೆಸರು ಅನ್ನುತ್ತಾರೆ. ಬೆಟ್ಟದ ಮೇಲೆ ಮಲ್ಲಿಕಾರ್ಜುನ, ತಲಕಾಡಿನ ಪಂಚಲಿಂಗಗಳಲ್ಲಿ ಒಬ್ಬ. ಶಿವನಿಗೆ ಪ್ರಿಯ ಅಂತ ಏರಿಸುವ ಹೂಗಳಲ್ಲಿ ಉಮ್ಮತ್ತಿಯೂ ಒಂದು. ಹೊಳೆ ದಂಡೆ, ತಿಪ್ಪೆ, ಬೇಲಿ, ಎಲ್ಲಿ ಬೇಕಾದರೂ ಬೆಳೆಯುವ ಗಿಡ. ಅದರ ಕಾಯಿ ತಿಂದವರ ಗತಿ ಹಳ್ಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ: ಬಾಯಿ ಒಣಗಿ ನಾಲಿಗೆ ಅಂಟಿಕೊಳ್ಳುತ್ತದೆ, ಕಣ್ಣಿನ ಪಾಪೆ ದೊಡ್ಡದಾಗುತ್ತದೆ, ಮೈ ಕಾದು ಬೆವರು ನಿಲ್ಲುತ್ತದೆ, ಎದೆ ಓಡುತ್ತದೆ, ಬುದ್ಧಿ ಕೆಡುತ್ತದೆ. ಉಮ್ಮತ್ತಿಯಲ್ಲಿರುವ ಅಟ್ರೋಪಿನ್ ಜಾತಿಯ ವಿಷಗಳು ಸ್ವಾಯತ್ತ ನರಗಳ ಒಂದು ಕವಲಿನ ಸಂದೇಶವನ್ನು ತಡೆದು ನಿಲ್ಲಿಸುವುದರಿಂದ ಹೀಗಾಗುತ್ತದೆ. ಈ ಲಕ್ಷಣಗಳ ಪಟ್ಟಿಯನ್ನು ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ. (ಪರೀಕ್ಷೆ ಮಾಡಿ ನೋಡಬೇಡಿ. ಪ್ರಾಣ ಹೋಗುತ್ತದೆ.)

ಇಂಗ್ಲೆಂಡಿನಲ್ಲಿ ಇದೇ ಜಾಡು ಹಿಡಿದವನು ಕೇಂಬ್ರಿಡ್ಜಿನ ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿ. ಅವನು ಹಿಡಿದ ಗಿಡ ಉಮ್ಮತ್ತಿಯಲ್ಲ, ಹೊಗೆಸೊಪ್ಪು. ಹುಣಸೂರು, ಪಿರಿಯಾಪಟ್ಟಣದ ಕಡೆಯವರು ಹೆಮ್ಮೆಪಡಬೇಕೋ ಬೇಡವೋ ಅವರಿಗೇ ಬಿಟ್ಟದ್ದು. ಬೆನ್ನುಹುರಿಯಿಂದ ಹೊರಟ ಸ್ವಾಯತ್ತ ನರ ನೇರವಾಗಿ ಹೃದಯಕ್ಕೋ ಕರುಳಿಗೋ ಹೋಗುವುದಿಲ್ಲ. ನಡುವೆ ಒಂದು ಗಂಟು ಇರುತ್ತದೆ, ಅಲ್ಲಿ ಗಾಡಿ ಬದಲಿಸಬೇಕು, ಒಂಥರಾ ಅರಸೀಕೆರೆ ಜಂಕ್ಷನ್. 1889ರಲ್ಲಿ ಲ್ಯಾಂಗ್ಲಿ ಮತ್ತು ಡಿಕಿನ್ಸನ್ ಆ ನರಗಂಟಿಗೆ ನಿಕೋಟಿನ್ ಬಳಿದು ನೋಡಿದರು. ಸಂದೇಶ ಅಲ್ಲೇ ನಿಂತುಹೋಯಿತು. ಒಂದೊಂದೇ ಗಂಟಿಗೆ ಬಳಿಯುತ್ತಾ, ಯಾವ ನರ ಎಲ್ಲಿ ಗಾಡಿ ಬದಲಿಸುತ್ತದೆ ಅಂತ ಲ್ಯಾಂಗ್ಲಿ ಇಡೀ ಮೈಯ ನಕ್ಷೆಯನ್ನೇ ಬರೆದ. 1898ರಲ್ಲಿ ಈ ವ್ಯವಸ್ಥೆಗೆ ‘ಆಟೊನಾಮಿಕ್’ ಅಂತ ಹೆಸರಿಟ್ಟವನೂ ಅವನೇ. ಪೂರ್ತಿ ಸ್ವತಂತ್ರ ಅಂತ ಭಾವಿಸಬೇಡಿ, ಮೇಲಿನವರ ಹಿಡಿತದಲ್ಲೇ ಇರುವ ಸ್ವಾತಂತ್ರ್ಯ ಇದು ಅಂತ ಅವನೇ ಎಚ್ಚರಿಸಿದ್ದ. ನಮ್ಮ ಸ್ವಾಯತ್ತ ಸಂಸ್ಥೆಗಳ ಹಾಗೆ ಅನ್ನಿ.

ಮುಂದಿನ ಹೆಜ್ಜೆ ಆಟೊ ಲೊವಿಯದ್ದು. ಗ್ರಾಜ್ ನಗರದಲ್ಲಿ ಒಂದು ರಾತ್ರಿ ಕನಸಿನಲ್ಲಿ ಪ್ರಯೋಗವೊಂದು ಹೊಳೆದು, ಎದ್ದು ಚೀಟಿಯಲ್ಲಿ ಗೀಚಿಟ್ಟು ಮಲಗಿದ, ಬೆಳಗ್ಗೆ ತನ್ನ ಅಕ್ಷರ ತನಗೇ ಓದಲಾಗಲಿಲ್ಲ. (ನನ್ನ ಡೈರಿಯ ಗತಿಯೂ ಅದೇ.) ಮರುದಿನ ರಾತ್ರಿ ಅದೇ ಕನಸು ಮತ್ತೆ ಬಿತ್ತು. ಈ ಸಲ ಚೀಟಿಗೀಟಿ ಅಂತ ಕೂರದೆ ನೇರ ಪ್ರಯೋಗಾಲಯಕ್ಕೆ ಓಡಿದ. ಎರಡು ಕಪ್ಪೆ ಹೃದಯ. ಒಂದರ ವೇಗಸ್ ನರವನ್ನು ಕೆಣಕಿ ಬಡಿತ ನಿಧಾನ ಮಾಡಿ, ಅದರ ಸುತ್ತಲಿನ ದ್ರವವನ್ನು ಇನ್ನೊಂದು ಹೃದಯಕ್ಕೆ ಬಿಟ್ಟ. ಅದೂ ನಿಧಾನವಾಯಿತು! ಅಂದರೆ ನರ ತನ್ನ ತುದಿಯಲ್ಲಿ ಏನೋ ರಾಸಾಯನಿಕ ಚೆಲ್ಲುತ್ತದೆ. ಇದು 1921. ಆ ರಾಸಾಯನಿಕ ಅಸಿಟೈಲ್‌ಕೋಲಿನ್ ಅಂತ ಮುಂದೆ ತಿಳಿಯಿತು. 1936ರಲ್ಲಿ ಲೊವಿಗೂ ಹೆನ್ರಿ ಡೇಲ್‌ಗೂ ನೊಬೆಲ್ ಬಂತು. ನರಗಂಟಿನಲ್ಲಿ ಈ ರಾಸಾಯನಿಕವನ್ನು ಹಿಡಿದುಕೊಳ್ಳಲು ಒಂದು ಬೀಗ ಇರುತ್ತದೆ. ಲ್ಯಾಂಗ್ಲಿಯ ನಿಕೋಟಿನ್ ಹೋಗಿ ಕೂತಿದ್ದು ಅದೇ ಬೀಗದಲ್ಲಿ.

ಅತ್ತ ಬರ್ಲಿನ್, ಫ್ರಾಂಕ್‌ಫರ್ಟ್ ಕಡೆ ಪಾಲ್ ಎರ್ಲಿಕ್ ಆಡುಗಳಿಗೆ ಬೇರೆ ಆಡುಗಳ ರಕ್ತ ಚುಚ್ಚುತ್ತಿದ್ದ. ಪರರ ರಕ್ತದ ಮೇಲೆ ಪ್ರತಿಕಾಯ ಹುಟ್ಟುತ್ತಿತ್ತು, ತನ್ನ ರಕ್ತದ ಮೇಲೆ ಹುಟ್ಟುತ್ತಿರಲಿಲ್ಲ. ದೇಹಕ್ಕೆ ತನ್ನನ್ನು ತಾನು ವಿಷವಾಗಿಸಿಕೊಳ್ಳುವುದೆಂದರೆ ದಿಗಿಲು ಅಂತ 1901ರ ಸುಮಾರಿಗೆ ತೀರ್ಮಾನಿಸಿ ‘ಹಾರರ್ ಆಟೊಟಾಕ್ಸಿಕಸ್’ ಅಂತ ಹೆಸರಿಟ್ಟ. ತಲಕಾಡಿನ ವೈದ್ಯನಾಥೇಶ್ವರನ ಸ್ಥಳಪುರಾಣ ಕೇಳಿದ್ದೀರಲ್ಲ? ತಲ, ಕಾಡ ಅನ್ನುವ ಬೇಡರು ಮರಕ್ಕೆ ಕೊಡಲಿ ಹಾಕಿದಾಗ ರಕ್ತ ಚಿಮ್ಮಿತಂತೆ, ಆ ಗಾಯಕ್ಕೆ ಅದೇ ಮರದ ಎಲೆ ಹಚ್ಚಿ ಅಂತ ದನಿ ಕೇಳಿತಂತೆ, ತನ್ನ ಗಾಯಕ್ಕೆ ತಾನೇ ಮದ್ದು ಹೇಳಿದ್ದರಿಂದ ಶಿವ ವೈದ್ಯನಾದನಂತೆ. ಎರ್ಲಿಕ್ ಕಂಡ ದೇಹವೂ ಅಂಥದ್ದೇ, ತನಗೆ ತಾನು ವೈದ್ಯ. 1904ರಲ್ಲೇ ಡೊನಾಥ್ ಮತ್ತು ಲ್ಯಾಂಡ್‌ಸ್ಟೈನರ್ ತನ್ನದೇ ರಕ್ತಕಣ ಒಡೆಯುವ ಪ್ರತಿಕಾಯವನ್ನು ರೋಗಿಗಳಲ್ಲಿ ತೋರಿಸಿದ್ದರೂ ಎರ್ಲಿಕ್‌ನ ಮಾತಿನ ತೂಕ ದೊಡ್ಡದಾಗಿತ್ತು. ಹಲವು ದಶಕ ಅದು ಅಪವಾದ ಅನ್ನಿಸಿಕೊಂಡೇ ಉಳಿಯಿತು.

ಈಗ ನಮ್ಮ ದೇಶಕ್ಕೆ ಬರಬೇಕು. ಯಾಕೆಂದರೆ ಮೈ ತನ್ನ ನರವನ್ನು ತಾನೇ ತಿನ್ನಬಲ್ಲದು ಅನ್ನುವ ಪಾಠವನ್ನು ನಮ್ಮ ಹಳ್ಳಿಗಳು ಪುಸ್ತಕ ಓದಿ ಕಲಿಯಲಿಲ್ಲ. ಹೊಕ್ಕುಳ ಸುತ್ತ ಚುಚ್ಚಿಸಿಕೊಂಡು ಕಲಿತವು.

ನಾಯಿ ಕಚ್ಚಿದರೆ ಹದಿನಾಲ್ಕು ಇಂಜೆಕ್ಷನ್! ಈಗ ನಲವತ್ತು ದಾಟಿದ ಎಲ್ಲರಿಗೂ ಈ ಮಾತು ಗೊತ್ತು. ನಾಯಿ ಕಂಡರೆ ಇದ್ದ ಭಯಕ್ಕಿಂತ ಆ ಸೂಜಿಯ ಭಯ ಜಾಸ್ತಿ. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಅನ್ನುವ ಮಿಲಿಟರಿ ವೈದ್ಯ ಪಾಶ್ಚರನ ಲಸಿಕೆಯನ್ನು ಬದಲಿಸಿ ಮಾಡಿದ ಲಸಿಕೆ ಅದು. ರೇಬಿಸ್ ವೈರಸ್ಸನ್ನು ಪ್ರಾಣಿಯ ಮೆದುಳಿನಲ್ಲಿ ಬೆಳೆಸಿ, ಫಿನಾಲ್ ಹಾಕಿ ಸಾಯಿಸಿ, ಆ ಮೆದುಳನ್ನೇ ಅರೆದು ಕೊಡುತ್ತಿದ್ದರು. ನಮ್ಮಲ್ಲಿ ಬಳಕೆಗೆ ಬಂದದ್ದು ಕುರಿ ಮೆದುಳು. ಕಸೌಲಿಯಲ್ಲಿ, ಕೂನೂರಿನಲ್ಲಿ ತಯಾರಾಗುತ್ತಿತ್ತು. ಅಗ್ಗ, ಸುಲಭ, ಲೆಕ್ಕವಿಲ್ಲದಷ್ಟು ಜನರ ಪ್ರಾಣ ಉಳಿಸಿದ್ದೂ ನಿಜ.

ಆದರೆ ಲಸಿಕೆ ಹಾಕಿಸಿಕೊಂಡವರಲ್ಲಿ ಕೆಲವರಿಗೆ, ರೇಬಿಸ್ ಬರದೆಯೇ, ಒಂದೆರಡು ವಾರದಲ್ಲಿ ಕಾಲು ಸೋಲುತ್ತಿತ್ತು. ಮೂತ್ರ ಕಟ್ಟುತ್ತಿತ್ತು. ಕೆಲವರಿಗೆ ಸೊಂಟದಿಂದ ಕೆಳಗೆ ಪೂರ್ತಿ ಸ್ವಾಧೀನ ಹೋಗುತ್ತಿತ್ತು. ಊರಿನಲ್ಲಿ ಹೇಳುತ್ತಿದ್ದದ್ದು ಒಂದೇ, ಪಥ್ಯ ತಪ್ಪಿದ. ಅಥವಾ, ನಾಯಿ ನಂಜು ಏರಿತು. ನಿಜವಾಗಿ ಆಗಿದ್ದೇನೆಂದರೆ, ಕುರಿಯ ಮೆದುಳಿನಲ್ಲಿರುವ ನರದ ಹೊದಿಕೆಗೂ ನಮ್ಮ ನರದ ಹೊದಿಕೆಗೂ ಬಹಳ ಹೋಲಿಕೆ. ದಿನಾ ಅದನ್ನೇ ಚುಚ್ಚಿ ಚುಚ್ಚಿ ತೋರಿಸಿದರೆ ರೋಗನಿರೋಧಕ ಸೈನ್ಯ ಅದನ್ನೇ ಶತ್ರು ಅಂತ ಗುರುತಿಟ್ಟುಕೊಳ್ಳುತ್ತದೆ. ಆಮೇಲೆ ಕುರಿ ಯಾವುದು, ಒಡೆಯ ಯಾರು ಅಂತ ನೋಡುವುದಿಲ್ಲ. ಲಸಿಕೆಯ ಈ ಪಾರ್ಶ್ವಪರಿಣಾಮ ಯಾಕೆ ಅಂತ ತಿಳಿಯಲೆಂದೇ ಅಮೆರಿಕದ ರಾಕ್‌ಫೆಲರ್ ಸಂಸ್ಥೆಯ ಥಾಮಸ್ ರಿವರ್ಸ್ 1933 ಮತ್ತು 1935ರಲ್ಲಿ ಕೋತಿಗಳಿಗೆ ರೋಗಾಣುವೇ ಇಲ್ಲದ ಆರೋಗ್ಯವಂತ ಮೊಲದ ಮೆದುಳನ್ನು ಮತ್ತೆ ಮತ್ತೆ ಚುಚ್ಚಿದ. ಕೋತಿಗಳ ಕೈಕಾಲು ಸೋತವು. ಎರ್ಲಿಕ್‌ನ ‘ದಿಗಿಲು’ ನರಮಂಡಲದಲ್ಲಿ ಕಣ್ಣೆದುರೇ ನಿಜವಾಯಿತು. ಜಗತ್ತಿನ ಆಟೋಇಮ್ಯೂನ್ ನರರೋಗಗಳ ಅಧ್ಯಯನಕ್ಕೆಲ್ಲ ಇವತ್ತಿಗೂ ಆಧಾರವಾಗಿರುವ ಪ್ರಯೋಗ ಅದು. ಅದರ ಬೇರು ಇರುವುದು ನಾಯಿ ಕಡಿತದ ಲಸಿಕೆಯಲ್ಲಿ.

ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಈ ರೋಗಿಗಳನ್ನು ಕೂಲಂಕಷವಾಗಿ ನೋಡಿ 1984ರಲ್ಲಿ ಒಂದು ದೀರ್ಘ ಪ್ರಬಂಧ ಪ್ರಕಟಿಸಿದರು. ಅಷ್ಟರಲ್ಲಿ ಫಿನಾಲ್ ಬದಲು ಬೀಟಾ ಪ್ರೊಪಿಯೊಲ್ಯಾಕ್ಟೋನ್ ಬಳಸುವ ಲಸಿಕೆಯೂ ಬಂದಿತ್ತು, ಕುರಿ ಮೆದುಳು ಮಾತ್ರ ಹಾಗೇ ಇತ್ತು, ತೊಂದರೆಯೂ ಹಾಗೇ ಇತ್ತು. ಮೆದುಳು, ಬೆನ್ನುಹುರಿ ಮಾತ್ರವಲ್ಲ, ಹೊರಗಿನ ನರಗಳೂ ಗೀಯಾಂ ಬಾರೆ ಸಿಂಡ್ರೋಮಿನ ಹಾಗೆ ಕೆಡುವುದುಂಟು. 1987ರಲ್ಲಿ ಥಾಯ್ಲೆಂಡಿನ ವೈದ್ಯರು ಇಂಥ ರೋಗಿಗಳ ರಕ್ತದಲ್ಲಿ ನರದ ಹೊದಿಕೆಯ ಪ್ರೊಟೀನಿನ ಮೇಲೆಯೇ ಪ್ರತಿಕಾಯ ಇರುವುದನ್ನು ತೋರಿಸಿದರು. ಇಷ್ಟಾದರೂ ಭಾರತದಲ್ಲಿ ಕುರಿ ಮೆದುಳಿನ ಲಸಿಕೆ ನಿಂತದ್ದು 2004ರ ಕೊನೆಗೆ. 1935ರಿಂದ ಲೆಕ್ಕ ಹಾಕಿ. ಬೇರೆ ದಾರಿ ದುಬಾರಿ ಅನ್ನುವ ಕಾರಣ ಅರ್ಥವಾಗುತ್ತದೆ, ಆದರೂ ಎಪ್ಪತ್ತು ವರ್ಷ ಜಾಸ್ತಿಯೇ ಆಯಿತು ಅಂತ ನನ್ನ ಅಭಿಪ್ರಾಯ. ಈಗಿನ ಲಸಿಕೆ ಜೀವಕೋಶಗಳಲ್ಲಿ ಬೆಳೆಸಿದ್ದು, ಮೆದುಳಿನ ಅಂಶ ಇಲ್ಲ, ಹೊಟ್ಟೆಗಲ್ಲ ತೋಳಿಗೆ. ಹಳೆ ಕಥೆ ಕೇಳಿ ಹೆದರಿ ಯಾರೂ ಲಸಿಕೆ ತಪ್ಪಿಸಬೇಡಿ. ರೇಬಿಸ್ ಬಂದರೆ ಮದ್ದಿಲ್ಲ.

ಗೀಯಾಂ ಬಾರೆ ಅಂದೆನಲ್ಲ, ಅದು ಬೇರೆಯೇ ಒಂದು ಅಧ್ಯಾಯ. 1916ರಲ್ಲಿ, ಮಹಾಯುದ್ಧದ ನಡುವೆ, ಗೀಯಾಂ, ಬಾರೆ, ಸ್ಟ್ರೋಲ್ ಅನ್ನುವ ಮೂವರು ಫ್ರೆಂಚ್ ವೈದ್ಯರು ಇಬ್ಬರು ಸೈನಿಕರ ಬಗ್ಗೆ ಬರೆದರು. ಜ್ವರವೋ ಭೇದಿಯೋ ಆಗಿ ವಾಸಿಯಾದ ಮೇಲೆ ಕಾಲಿನಿಂದ ಶುರುವಾಗಿ ಮೇಲೇರುವ ನಿತ್ರಾಣ, ಬಹಳಷ್ಟು ಜನಕ್ಕೆ ನಿಧಾನವಾಗಿ ವಾಸಿ. 2025ರ ಜನವರಿಯಲ್ಲಿ ಪುಣೆಯಲ್ಲಿ 200ಕ್ಕೂ ಹೆಚ್ಚು ಜನಕ್ಕೆ ಬಂದು ಪೇಪರಿನಲ್ಲೆಲ್ಲ ಸುದ್ದಿಯಾಯಿತಲ್ಲ, ಅದೇ. ಕ್ಯಾಂಪೈಲೋಬ್ಯಾಕ್ಟರ್ ಅನ್ನುವ ಭೇದಿಯ ರೋಗಾಣುವಿನ ಮೈಮೇಲಿನ ಸಕ್ಕರೆಯ ಲೇಪ ನಮ್ಮ ನರದ ಪೊರೆಯನ್ನು ಹೋಲುತ್ತದೆ, ಸೈನ್ಯ ಮೋಸಹೋಗುತ್ತದೆ. ಪೇಪರಿನವರು ಬರೆದದ್ದು ಕೈಕಾಲಿನ ಬಗ್ಗೆ, ವೆಂಟಿಲೇಟರಿನ ಬಗ್ಗೆ. ಐಸಿಯು ವೈದ್ಯರು ಅಷ್ಟೇ ಭಯಪಡುವುದು ಇನ್ನೊಂದಕ್ಕೆ. ಈ ರೋಗಿಗಳಲ್ಲಿ ಮೂರನೇ ಎರಡು ಪಾಲಿನಷ್ಟು ಜನರ ಸ್ವಾಯತ್ತ ನರಗಳೂ ಕೆಡುತ್ತವೆ. ಮಲಗಿದ್ದಲ್ಲೇ ಬಿಪಿ ಇದ್ದಕ್ಕಿದ್ದಂತೆ ಏರುತ್ತದೆ, ಇದ್ದಕ್ಕಿದ್ದಂತೆ ಕುಸಿಯುತ್ತದೆ, ಹೃದಯ ತಾಳ ತಪ್ಪುತ್ತದೆ. ಉಸಿರಾಟಕ್ಕಾದರೆ ಯಂತ್ರವಿದೆ. ತಾಳ ತಪ್ಪಿದ ಹೃದಯ ಕ್ಷಣದಲ್ಲಿ ನಿಂತುಬಿಡಬಹುದು.

ಅದು ಐಸಿಯು ಮಾತು. ನನ್ನನ್ನು ಈ ಓದಿಗೆ ಹಚ್ಚಿದ್ದು ಐಸಿಯು ಕಾಣದ, ಸದ್ದಿಲ್ಲದ ಜಾತಿಯದ್ದು.

ನನ್ನ ಚಿಕ್ಕವ್ವನ ಮನೆ ಮುಡುಕುತೊರೆ ಹತ್ತಿರ. ಬೆರಳ ಗೆಣ್ಣು ನೋವು ಅವಳಿಗೆ ಹಳೆಯದು. ಆಮೇಲೆ ಕಣ್ಣುರಿ ಶುರುವಾಯಿತು. “ತಲಕಾಡಿನ ಮರಳೆಲ್ಲ ನನ್ನ ಕಣ್ಣಿಗೇ ಬಿದ್ದದೆ ಕಣಪ್ಪ” ಅಂತ ನಗುತ್ತಿದ್ದಳು. ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ತುತ್ತಿಗೊಂದು ಗುಟುಕು ನೀರು. ಒಂದು ವರ್ಷ ಜಾತ್ರೆಯಲ್ಲಿ ಬೆಟ್ಟದ ಮೆಟ್ಟಿಲ ಮೇಲೆ, ಸಾಲಿನಲ್ಲಿ ನಿಂತಿದ್ದಾಗ, ಕುಸಿದು ಕೂತಳು. ಕಣ್ಣು ಮೇಲೆ ಮಾಡಿದ್ದಳಂತೆ. ಮಲ್ಲಿಕಾರ್ಜುನನೇ ಮೈಮೇಲೆ ಬಂದ ಅಂದುಕೊಂಡ ಯಾರೋ ಹೆಂಗಸರು ಅರಿಶಿನ ಕುಂಕುಮ ಹಚ್ಚಿ ಕಾಲಿಗೆ ಬಿದ್ದರು. ಅವಳಿಗೆ ಎಚ್ಚರ ಬಂದಾಗ ಸುತ್ತ ಜನ ಕೈಮುಗಿದು ನಿಂತಿದ್ದಾರೆ. “ಮೇಲಕ್ಕೆದ್ರೆ ಜೀವ ಜಾರ್‌ದಂಗಾಯ್ತದೆ” ಅಂತ ಅವಳು ಹೇಳಿದರೆ ಯಾರು ಕೇಳಬೇಕು?

ಡಾಕ್ಟರುಗಳೂ ಕೇಳಲಿಲ್ಲ. ಒಂದು ಆಸ್ಪತ್ರೆಯಲ್ಲಿ ರಕ್ತ ಕಮ್ಮಿ ಅಂದರು, ಇನ್ನೊಂದರಲ್ಲಿ ಮುಟ್ಟು ನಿಲ್ಲುವ ವಯಸ್ಸು ಅಂದರು, ಮತ್ತೊಬ್ಬರು ಟೆನ್ಶನ್ ಮಾಡ್ಕೋಬೇಡಿ ಅಂತ ನಿದ್ದೆ ಮಾತ್ರೆ ಕೊಟ್ಟರು. ಎಲ್ಲರೂ ಬಿಪಿ ನೋಡಿದರು. ಎಲ್ಲರೂ ಕೂರಿಸಿಕೊಂಡೇ ನೋಡಿದರು. ಕೂತಾಗ ಅದು ಸರಿಯಾಗೇ ಇತ್ತು.

ಮೇಲೆ ಉಮ್ಮತ್ತಿಯ ಲಕ್ಷಣ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ. ಒಣ ಬಾಯಿ, ಓಡುವ ಎದೆ, ಬೆವರಿಲ್ಲದ ಮೈ. ಕಾಯಿ ತಿನ್ನದೆಯೇ ಹೆಚ್ಚುಕಡಿಮೆ ಅದೇ ಪಟ್ಟಿ ಅವಳಲ್ಲಿತ್ತು.

1933ರಲ್ಲಿ ಸ್ಟಾಕ್‌ಹೋಮಿನಲ್ಲಿ ಹೆನ್ರಿಕ್ ಷೋಗ್ರೆನ್ ಅನ್ನುವ ಕಣ್ಣಿನ ಡಾಕ್ಟರು ಕಣ್ಣೂ ಬಾಯೂ ಒಣಗಿದ 19 ಹೆಂಗಸರ ಬಗ್ಗೆ ಪ್ರಬಂಧ ಬರೆದರು. ಅವರಲ್ಲಿ 13 ಮಂದಿಗೆ ಕೀಲುನೋವು. ವಿಶ್ವವಿದ್ಯಾಲಯದವರು ಪ್ರಬಂಧಕ್ಕೆ ಕೊಟ್ಟ ದರ್ಜೆ ಸಾಲದೆ ಅವರಿಗೆ ಪಾಠ ಹೇಳುವ ಪದವಿ ಸಿಗಲಿಲ್ಲ. ಇವತ್ತು ಆ ಕಾಯಿಲೆಯ ಹೆಸರೇ ಷೋಗ್ರೆನ್, ದರ್ಜೆ ಕೊಟ್ಟವರ ಹೆಸರು ಯಾರಿಗೂ ಗೊತ್ತಿಲ್ಲ. ಗ್ರಂಥಿ ಹಾಳಾಗಿ ನೀರು ನಿಂತಿತು ಅನ್ನುವುದು ಮೊದಲ ವಿವರಣೆ. ಆದರೆ ಗ್ರಂಥಿಗೆ ನೀರು ಬಿಡು ಅಂತ ಅಪ್ಪಣೆ ಕೊಡುವುದು ಸ್ವಾಯತ್ತ ನರ. ಎಷ್ಟೋ ರೋಗಿಗಳಲ್ಲಿ ಗ್ರಂಥಿ ಇನ್ನೂ ಅಷ್ಟು ಕೆಟ್ಟಿರದಿದ್ದರೂ ಬಾಯಿ ಒಣಗುವುದು ಕಂಡ ಮೇಲೆ, ಅಪ್ಪಣೆಯೇ ತಲುಪುತ್ತಿಲ್ಲವೇನೋ ಅನ್ನುವ ಅನುಮಾನ ಬಂತು. ರುಮಟಾಯ್ಡ್ ಆರ್ಥರೈಟಿಸ್‌ನಲ್ಲಿ ಸ್ವಾಯತ್ತ ನರ ಕೆಡುವ ಬಗ್ಗೆ 1965ರಲ್ಲೇ ಬೆನೆಟ್ ಮತ್ತು ಸ್ಕಾಟ್ ಬರೆದಿದ್ದರು. ಕೀಲಿನ ಡಾಕ್ಟರು ಕೀಲು ನೋಡಿದರು, ನರದ ಡಾಕ್ಟರು ಕೈಕಾಲಿನ ಬಲ ನೋಡಿದರು. ನಡುವಿನದ್ದು ಯಾರ ಪಾಲಿಗೂ ಬರಲಿಲ್ಲ.

ಹಾಗಂತ ಎದ್ದರೆ ಬೀಳುವ ಕಾಯಿಲೆ ಯಾರಿಗೂ ಗೊತ್ತಿರಲಿಲ್ಲ ಅಂತಲ್ಲ. 1871ರಲ್ಲಿ ಅಮೆರಿಕದ ಡಾ ಕೋಸ್ಟ ಅಂತರ್ಯುದ್ಧದ ಸೈನಿಕರಲ್ಲಿ ಎದೆ ಓಡುವ, ಸುಸ್ತಾಗುವ ತೊಂದರೆ ಕಂಡು ‘ಸಿಡುಕು ಹೃದಯ’ ಅಂತ ಕರೆದಿದ್ದ. ಮೊದಲ ಮಹಾಯುದ್ಧದಲ್ಲಿ ಅದು ‘ಸೈನಿಕನ ಹೃದಯ’ ಆಯಿತು. 1925ರಲ್ಲಿ ಬ್ರಾಡ್‌ಬರಿ ಮತ್ತು ಎಗ್ಲ್‌ಸ್ಟನ್ ಮೂವರು ರೋಗಿಗಳ ಬಗ್ಗೆ ಬರೆದರು, ನಿಂತರೆ ಬಿಪಿ ಕುಸಿಯುತ್ತದೆ, ಬೆವರು ಬರುವುದಿಲ್ಲ. 1993ರಲ್ಲಿ ಮೇಯೊ ಕ್ಲಿನಿಕ್ಕಿನ ಶೊಂಡಾರ್ಫ್ ಮತ್ತು ಲೋ, ಬಿಪಿ ಕುಸಿಯದೆ ನಾಡಿ ಮಾತ್ರ ಓಡುವ ಜಾತಿಗೆ ಪಾಟ್ಸ್ ಅನ್ನುವ ಹೆಸರು ಗಟ್ಟಿ ಮಾಡಿದರು. ಕೋವಿಡ್ ಬಂದು ಹೋದ ಮೇಲೆ ಎಷ್ಟೋ ಜನಕ್ಕೆ ಇದು ಅಂಟಿಕೊಂಡು ಈಗ ಹೆಸರು ಸ್ವಲ್ಪ ಕಿವಿಗೆ ಬೀಳುತ್ತಿದೆ. ಒಂದು ವಿಷಯ ಗಮನಿಸಿ: ಗಂಡಸಿಗೆ ಬಂದಾಗ ಅದು ಯುದ್ಧದ ಹೃದಯ, ಹೆಂಗಸಿಗೆ ಬಂದಾಗ ಟೆನ್ಶನ್ನು, ಇಲ್ಲಾ ದೇವರು.

ಎರಡು ಶಾಸ್ತ್ರಗಳು ಕೊನೆಗೆ ಭೇಟಿಯಾದದ್ದು ಹೀಗೆ. 1969ರಲ್ಲಿ ಯಂಗ್, ಆಡಮ್ಸ್ ಮೊದಲಾದವರು ಒಬ್ಬ ವಿಚಿತ್ರ ರೋಗಿಯ ವಿವರ ಕೊಟ್ಟರು. ಕೈಕಾಲು ಗಟ್ಟಿಯಾಗಿದೆ, ಆದರೆ ಎದ್ದರೆ ಬೀಳುತ್ತಾನೆ, ಕಣ್ಣೀರಿಲ್ಲ, ಬೆವರಿಲ್ಲ, ಕರುಳು ಮೂತ್ರಕೋಶ ಎರಡೂ ಸ್ತಬ್ಧ. ತಿಂಗಳುಗಳ ಮೇಲೆ ತಾನಾಗಿ ಸುಧಾರಿಸಿದ. ಒಳಗಿನ ನರಗಳಿಗೆ ಮಾತ್ರ ಗೀಯಾಂ ಬಾರೆ ಬಂದಂತೆ! 1973ರಲ್ಲಿ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ವಿದ್ಯುತ್ ಈಲ್ ಮೀನಿನಿಂದ ಅಸಿಟೈಲ್‌ಕೋಲಿನ್ ಬೀಗವನ್ನು ಬೇರ್ಪಡಿಸಿ ಮೊಲಗಳಿಗೆ ಚುಚ್ಚಿದರು. ಮೊಲಗಳು ಜೋತುಬಿದ್ದವು. ರೆಪ್ಪೆ ಜೋತುಬೀಳುವ ಮಯಸ್ತೇನಿಯಾ ಕಾಯಿಲೆಯೇ ಅದು, ಸ್ನಾಯುವಿನ ಬೀಗದ ಮೇಲೆ ಮೈ ಮಾಡುವ ದಾಳಿ. ನರಗಂಟಿನಲ್ಲಿರುವುದು ಆ ಬೀಗದ ದಾಯಾದಿ. 2000ದಲ್ಲಿ ಮೇಯೊ ಕ್ಲಿನಿಕ್ಕಿನ ವರ್ನಿನೊ, ಲೆನನ್ ಮತ್ತು ಜೊತೆಗಾರರು ಸ್ವಾಯತ್ತ ನರ ಕುಸಿದವರ ರಕ್ತದಲ್ಲಿ ಆ ದಾಯಾದಿ ಬೀಗದ ಮೇಲೆ ಪ್ರತಿಕಾಯ ಇರುವುದನ್ನು ತೋರಿಸಿದರು. ಪ್ರತಿಕಾಯ ಹೆಚ್ಚಿದ್ದಷ್ಟೂ ಕಾಯಿಲೆ ಜೋರು. 2003ರಲ್ಲಿ ಮತ್ತೆ ಮೊಲ. ಆ ಬೀಗದ ಒಂದು ತುಣುಕನ್ನು ಚುಚ್ಚಿದರೆ ಮೊಲದ ಕಣ್ಣಿನ ಪಾಪೆ ಹಿಗ್ಗಿ ನಿಂತಿತು, ಕರುಳು ಮಲಗಿತು, ಮೂತ್ರಕೋಶ ಉಬ್ಬಿತು. ಲ್ಯಾಂಗ್ಲಿ 1889ರಲ್ಲಿ ಹೊಗೆಸೊಪ್ಪಿನ ರಸದಿಂದ ಮುಚ್ಚಿದ ಬಾಗಿಲನ್ನೇ ಮೈ ತಾನಾಗಿ ಮುಚ್ಚಿಕೊಂಡಿತ್ತು. ನಡುವೆ ನೂರಹನ್ನೊಂದು ವರ್ಷ.

ಎಲ್ಲರಿಗೂ ಇದೇ ಪ್ರತಿಕಾಯ ಅಂದುಕೊಳ್ಳಬೇಡಿ. ಸ್ವಾಯತ್ತ ನರ ಇದ್ದಕ್ಕಿದ್ದಂತೆ ಕುಸಿಯುವ ಆಟೋಇಮ್ಯೂನ್ ಕಾಯಿಲೆಯವರಲ್ಲೂ ಸುಮಾರು ಅರ್ಧ ಜನರಲ್ಲಿ ಮಾತ್ರ ಸಿಗುತ್ತದೆ. ಷೋಗ್ರೆನ್, ಲೂಪಸ್‌ನಲ್ಲಿ ಬೆವರು ಮತ್ತು ರಕ್ತನಾಳಕ್ಕೆ ಹೋಗುವ ಸಣ್ಣ ನರದೆಳೆಗಳು ಒಣಗುವುದು, ನರಗಂಟಿನಲ್ಲೇ ಉರಿಯೂತ, ಹೀಗೆ ಬೇರೆ ಬೇರೆ ದಾರಿಗಳಿವೆ. ಇನ್ನೊಂದು ಸೋಜಿಗ, ಈ ನರಗಳೂ ತಿರುಗಿ ರೋಗನಿರೋಧಕ ಸೈನ್ಯದ ಮೇಲೆ ಹಿಡಿತ ಇಟ್ಟುಕೊಂಡಿವೆಯಂತೆ. ಲೊವಿ ಕೆಣಕಿದ ಅದೇ ವೇಗಸ್ ನರ ಉರಿಯೂತವನ್ನು ತಗ್ಗಿಸಬಲ್ಲದು ಅಂತ 2000ದ ಹೊತ್ತಿಗೆ ಕೆವಿನ್ ಟ್ರೇಸಿ ತಂಡ ತೋರಿಸಿತು. 2016ರಲ್ಲಿ 17 ಮಂದಿ ರುಮಟಾಯ್ಡ್ ರೋಗಿಗಳಲ್ಲಿ ಕೆಣಕಿ ನೋಡಿದರು. 2025ರಲ್ಲಿ ಅಮೆರಿಕದ ಎಫ್‌ಡಿಎ ಆ ಕಾಯಿಲೆಗೆ ವೇಗಸ್ ಕೆಣಕುವ ಸಾಧನವೊಂದಕ್ಕೆ ಒಪ್ಪಿಗೆ ಕೊಟ್ಟಿತು.

ಚಿಕ್ಕವ್ವನಿಗೆ ಸಾಧನಗೀಧನ ಏನೂ ಬೇಕಾಗಲಿಲ್ಲ. ಕೀಲುನೋವಿಗೆ ಅಂತ ತೋರಿಸಲು ಹೋದಾಗ ಒಬ್ಬ ಹುಡುಗ ಡಾಕ್ಟರು ಬಾಯಿ ತೆಗೆಸಿ ನೋಡಿ, ಮಲಗಿಸಿ ಬಿಪಿ ನೋಡಿ, ಎಬ್ಬಿಸಿ ನಿಲ್ಲಿಸಿ ಮತ್ತೆ ನೋಡಿದರು. ನಿಂತ ಮೂರು ನಿಮಿಷದಲ್ಲಿ ಮೇಲಿನ ಅಂಕಿ 20ಕ್ಕಿಂತ ಹೆಚ್ಚು ಇಳಿಯಿತು. ಅಷ್ಟೇ ಪರೀಕ್ಷೆ. ಖರ್ಚು ಸೊನ್ನೆ. ಆಮೇಲೆ ರಕ್ತ ಪರೀಕ್ಷೆಯಾಗಿ ಷೋಗ್ರೆನ್ ಅಂತ ಹೆಸರು ಸಿಕ್ಕಿತು. ಬಿಗಿ ಕಾಲುಚೀಲ, ಏಳುವಾಗ ಮೊದಲು ಕೂತು ಆಮೇಲೆ ಏಳುವುದು, ಮಂಚದ ತಲೆಕಡೆ ಎತ್ತರಿಸುವುದು, ಚೆನ್ನಾಗಿ ನೀರು, ಸ್ವಲ್ಪ ಹೆಚ್ಚು ಉಪ್ಪು, ಜೊತೆಗೆ ಮಾತ್ರೆ. “ಉಪ್ಪು ಜಾಸ್ತಿ ತಿನ್ನಿ ಅನ್ನೋ ಡಾಕ್ಟ್ರುನ್ನ ಇದೇ ಮೊದ್ಲು ಕಂಡದ್ದು” ಅಂತ ಊರೆಲ್ಲ ಹೇಳಿಕೊಂಡು ತಿರುಗಿದಳು. (ಬಿಪಿ ಜಾಸ್ತಿ ಇರುವವರು ಇದನ್ನು ಓದಿ ಉಪ್ಪಿನಕಾಯಿ ಭರಣಿಗೆ ಕೈ ಹಾಕಬೇಡಿ, ಡಾಕ್ಟರನ್ನು ಕೇಳದೆ ಇದು ಯಾರಿಗೂ ಅಲ್ಲ.) ಬೀಳುವುದು ಬಹಳ ಕಮ್ಮಿಯಾಗಿದೆ. ಕಣ್ಣಿನ ಮರಳು ಹೋಗಿಲ್ಲ, ಹನಿ ಹಾಕಿಕೊಳ್ಳುತ್ತಾಳೆ.

ನಿಮ್ಮ ಮನೆಯಲ್ಲೂ ರುಮಟಾಯ್ಡ್, ಲೂಪಸ್, ಷೋಗ್ರೆನ್ ಇದ್ದು, ಜೊತೆಗೆ ಎದ್ದರೆ ಕಣ್ಣು ಕತ್ತಲೆ ಅನ್ನುವವರಿದ್ದರೆ ಡಾಕ್ಟರಿಗೆ ಬಾಯಿಬಿಟ್ಟು ಕೇಳಿ, ನಿಲ್ಲಿಸಿ ಒಂದು ಸಲ ನೋಡ್ತೀರಾ ಅಂತ. ಮಲಗಿದ್ದವರು ಎದ್ದ ಮೂರು ನಿಮಿಷದೊಳಗೆ ಬಿಪಿಯ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಒಂದು ಬಗೆ. ಬಿಪಿ ಇಳಿಯದೆ ಹತ್ತು ನಿಮಿಷದೊಳಗೆ ನಾಡಿ ನಿಮಿಷಕ್ಕೆ 30 ಏರಿ, ಏರಿದ್ದು ಹಾಗೇ ಉಳಿದರೆ (ಹದಿಹರೆಯದವರಲ್ಲಿ 40) ಇನ್ನೊಂದು ಬಗೆ. ಅದಕ್ಕೂ ಮುಂದಿನ ಪರೀಕ್ಷೆ ಬೇಕಾದರೆ ಎಡಿನ್‌ಬರೋದ ಯೂಯಿಂಗ್ ಸಕ್ಕರೆ ಕಾಯಿಲೆಯವರಿಗೆಂದು ರೂಪಿಸಿದ ಐದು ಪರೀಕ್ಷೆಗಳ ಕಟ್ಟು ಇದೆ: ಆಳವಾಗಿ ಉಸಿರಾಡಿಸುವುದು, ಉಸಿರು ಕಟ್ಟಿ ಊದಿಸುವುದು, ಮುಷ್ಟಿ ಬಿಗಿಸುವುದು, ಎಬ್ಬಿಸಿ ನಾಡಿ ನೋಡುವುದು, ಎಬ್ಬಿಸಿ ಬಿಪಿ ನೋಡುವುದು. ಸೂಜಿ ಇಲ್ಲ, ನೋವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ನ್ಯೂರೋಫಿಸಿಯಾಲಜಿ ವಿಭಾಗದಲ್ಲಿ ಈ ನರಗಳಿಗೇ ಮೀಸಲಾದ ಲ್ಯಾಬ್ ಇದೆ. ಪರೀಕ್ಷೆಗೆ ಹೋಗುವ ಮುಂಚೆ ಕಾಫಿ, ಬೀಡಿ ಸಿಗರೇಟು ಮುಟ್ಟುವ ಹಾಗಿಲ್ಲ, ಅವು ಇದೇ ನರಗಳನ್ನು ಕೆಣಕುತ್ತವೆ. ಯಾವ ಮಾತ್ರೆ ನಿಲ್ಲಿಸಬೇಕು ಅನ್ನುವುದನ್ನು ಅವರನ್ನೇ ಕೇಳಿ, ನೀವಾಗಿ ನಿಲ್ಲಿಸಬೇಡಿ.